ಲಗ್ಗೆರೆಯ ಕಳ್ಳ ಕುಬಸಗಳು

ಹನುಮವ್ವ ಬಾಗಲಕೋಟೆಯ ಬಸ್ಸಿಳಿದು ಲಗ್ಗೆರೆಯ ವಠಾರಕ್ಕೆ ಬಂದವಳು, ಚಪ್ಪಲಿ ಬಿಡುವ ಮೊದಲೇ ಸೊಸೆಯ ಹೊಟ್ಟೆಗೆ ಕಣ್ಣಳತೆ ಹಾಕಿದಳು. ಸಂತೆಯಲ್ಲಿ ಕಲ್ಲಂಗಡಿ ಕೊಳ್ಳುವವರಂತೆ ಆ ಮಗ್ಗುಲಿನಿಂದೊಮ್ಮೆ, ಈ ಮಗ್ಗುಲಿನಿಂದೊಮ್ಮೆ ನೋಡಿ, ಕೈಚೀಲ ಕೆಳಗಿಟ್ಟು ತೀರ್ಪು ಕೊಟ್ಟಳು.

"ಐದ ತಿಂಗಳಿಗೆ ಇಷ್ಟಾ? ಹಿಂಗ ಬಿಟ್ರ ಇದು ಹಡಿಯೂ ಕೂಸಲ್ಲ, ಕೊಯ್ದು ತಗಿಯೂ ಕೂಸು."

ಅಂದಿನಿಂದ ಶೈಲಶ್ರೀಯ ತಟ್ಟೆಯ ಮೇಲೆ ಹೊಸ ಸರ್ಕಾರ ಬಂತು. ಎರಡು ರೊಟ್ಟಿ ಒಂದಾಯಿತು. ಆರನೇ ತಿಂಗಳಿಗೆ ಆ ಒಂದೂ ಅರ್ಧವಾಯಿತು. ಹಾಲು ಕುಡಿದರೆ ಕೂಸು ಉಬ್ಬುತ್ತದೆ, ಬಾಳೆಹಣ್ಣು ತಿಂದರೆ ಉದ್ದವಾಗುತ್ತದೆ, ಬೆಲ್ಲ ತಿಂದರೆ ತಲೆ ದಪ್ಪವಾಗುತ್ತದೆ. ಮಧ್ಯಾಹ್ನ ಮಲಗಿದರೆ ಅದೂ ಒಳಗೆ ಕಾಲು ಚಾಚಿ ಮಲಗಿ ಬೆಳೆಯುತ್ತದೆ. ಪೀಣ್ಯದ ಗಾರ್ಮೆಂಟ್ಸ್ ಕೆಲಸವನ್ನೂ ಅತ್ತೆ ಬಿಡಿಸಿದಳು. ಅದರ ಜೊತೆಗೆ ಕ್ಯಾಂಟೀನಿನ ಊಟವೂ ಹೋಯಿತು. ಆ ಸಾಂಬಾರಿನಲ್ಲಿ ಬೇಳೆ ಹುಡುಕಲು ಕಣ್ಣು ಚೆನ್ನಾಗಿರಬೇಕಿತ್ತು. ಅಂಥ ಸಾಂಬಾರು ಈಗ ಶೈಲಶ್ರೀಯ ಕನಸಿನಲ್ಲಿ ಬರತೊಡಗಿತು, ಹೊಗೆಯಾಡುತ್ತ, ಸೌಟಿನ ಸಮೇತ.

"ಕೂಸು ಒಳಗ ಸಣ್ಣದಿರಬೇಕು, ಹೊರಗ ಬಂದ ಮ್ಯಾಲ ದೊಡ್ಡದಾಗ್ಲಿ," ಎನ್ನುತ್ತಿದ್ದಳು ಹನುಮವ್ವ. "ಒಳಗೇನು ಗರಡಿ ಮನಿ ಐತೇನು, ಅಲ್ಲೇ ಪೈಲ್ವಾನ ಆಗಾಕ?"

ಏಳನೇ ತಿಂಗಳಿಗೆ ಆರೋಗ್ಯ ಕೇಂದ್ರದ ತಕ್ಕಡಿಯ ಮುಳ್ಳು ಹಿಂದಿನ ತಿಂಗಳು ನಿಂತಲ್ಲೇ ನಿಂತಿತು. ಅಲ್ಲಿನ ಸಿಸ್ಟರ್ ಅಂಜಿನಮ್ಮ ಶೈಲಶ್ರೀಯ ಹೊಟ್ಟೆಯ ಮೇಲೆ ಟೇಪು ಹಿಡಿದು ಮುಖ ಸಿಂಡರಿಸಿದಳು.

"ಏನಮ್ಮಾ, ಮಗು ಬೆಳೀತಾನೇ ಇಲ್ವಲ್ಲ! ಎರಡೂವರೆ ಕೆಜಿ ಆದ್ರೂ ಆಗ್ಬೇಕು. ಇಲ್ದಿದ್ರೆ ಹುಟ್ಟಿದ ತಕ್ಷಣ ಗಾಜಿನ ಪೆಟ್ಟಿಗೇಲಿ ಇಡ್ತಾರೆ. ಅದೂ ಖಾಲಿ ಇದ್ರೆ. ಚೆನ್ನಾಗಿ ತಿನ್ನು. ಹಣ್ಣು, ಹಾಲು, ಮೊಟ್ಟೆ, ಸೊಪ್ಪು."

ಅವಳ ಬೆನ್ನ ಹಿಂದಿನ ಗೋಡೆಯ ಚಿತ್ರದಲ್ಲಿ ಕೆಂಪು ಕೆನ್ನೆಯ ಬಸುರಿಯೊಬ್ಬಳು ಸೇಬು, ದ್ರಾಕ್ಷಿ, ಬಾದಾಮಿ, ಮೀನುಗಳ ನಡುವೆ ಕೂತಿದ್ದಳು. ಅಷ್ಟೆಲ್ಲ ಎದುರಿಗಿದ್ದರೂ ಒಂದನ್ನೂ ಮುಟ್ಟದೆ ನಗುತ್ತಿದ್ದಳು. ಚಿತ್ರದ ಚೌಕಟ್ಟಿನ ಆಚೆ ಅವಳ ಅತ್ತೆ ನಿಂತಿರಬೇಕು ಎಂದುಕೊಂಡಳು ಶೈಲಶ್ರೀ.

"ಸಿಸ್ಟರಮ್ಮಾ, ನಿಮಗೆಷ್ಟು ಮಕ್ಕಳ್ರಿ?" ಹನುಮವ್ವ ಕೇಳಿದಳು.

"ಒಬ್ಬಳೇ ಮಗಳು."

"ಹೆರಿಗಿ?"

"ಆಪರೇಷನ್ ಆಯ್ತು. ಯಾಕೆ?"

ಹನುಮವ್ವ ಸೊಸೆಯ ಕಡೆ ತಿರುಗಿ ಹುಬ್ಬು ಏರಿಸಿದಳು. ಮನೆಗೆ ಬಂದ ಮೇಲೆ ಅರ್ಧ ರೊಟ್ಟಿಯ ಅಂಚನ್ನೂ ಮುರಿದು ತೆಗೆದಳು.

ಶೈಲಶ್ರೀ ಗಂಡನಿಗೆ ಹೇಳಿದಳು. ಹಣಮಂತ ಪೀಣ್ಯ ಎರಡನೇ ಹಂತದ ವರ್ಕ್‌ಶಾಪೊಂದರಲ್ಲಿ ಲೇಥ್ ಓಡಿಸುತ್ತಿದ್ದ. ಜಗತ್ತಿನ ಎಲ್ಲ ಸಮಸ್ಯೆಗಳನ್ನೂ ಅವನು ಲೇಥಿಗೆ ಕಟ್ಟಿ ನೋಡುತ್ತಿದ್ದ.

"ನೋಡ್, ಬೋರಿನ ತೂತಿನ ಸೈಜ್ ಫಿಕ್ಸ್ ಇರ್ತೈತಿ," ಎಂದ. "ಒಳಗ ಕುಂದ್ರೂ ಶಾಫ್ಟ್ ಅದಕ್ಕಿಂತ ಒಂದೆಳಿ ಸಣ್ಣದಿರಬೇಕು. ದೊಡ್ಡದಾತು ಅಂದ್ರ ಜಾಮ್. ಅವ್ವ ಹೇಳೂದು ಇಂಜಿನಿಯರಿಂಗ್ ಪ್ರಕಾರ ಕರೆಕ್ಟ್ ಐತಿ."

"ದೊಡ್ಡದಾದ ಶಾಫ್ಟ್ ಏನ್ ಮಾಡ್ತೀರಿ?"

"ಮತ್ತೊಮ್ಮಿ ಲೇಥಿಗಿ ಹಾಕಿ ಒಂಚೂರು ಕೆತ್ತತೀವಿ."

"ಸಣ್ಣದಾಗಿದ್ದು?"

"ಸಣ್ಣದಾದ್ರ..." ಹಣಮಂತನ ದನಿ ಅರ್ಧಕ್ಕೇ ಇಳಿಯಿತು. "ಅದು ಸ್ಕ್ರ್ಯಾಪಿಗಿ ಹೋಗ್ತೈತಿ."

ಮರುದಿನ ಅವನು ಅಂಗಿಯ ಜೇಬಿನಲ್ಲಿ ಬೇಯಿಸಿದ ಮೊಟ್ಟೆಯೊಂದನ್ನು ಬಚ್ಚಿಟ್ಟುಕೊಂಡು ಬಂದ. ಹನುಮವ್ವ ಬಾಗಿಲಲ್ಲೇ ವಾಸನೆ ಹಿಡಿದಳು. "ಹಸಿವಾಗಿತ್ತೇನೋ ನನ್ನಪ್ಪಾ," ಎಂದು ಮಮತೆಯಿಂದ ಸಿಪ್ಪೆ ಸುಲಿದು ಅವನಿಗೇ ತಿನ್ನಿಸಿದಳು. ಅವನು ತಿಂದ. ಹೆಂಡತಿಯ ಮುಖ ನೋಡುತ್ತಲೇ ತಿಂದ. ಲೇಥಿಗೆ ಕಟ್ಟಲಾಗದ ಸಮಸ್ಯೆಗಳೂ ಇರುತ್ತವೆ.

ಹೀಗಿರುವಾಗ ಹನುಮವ್ವನ ಕೋಟೆಯ ಬಾಗಿಲನ್ನು ತೆರೆದದ್ದು ಹನುಮವ್ವನ ಬಾಯಿಯೇ.

ವಠಾರದ ಹೆಂಗಸರು ಬೋರ್‌ವೆಲ್ ನಲ್ಲಿಯ ಮುಂದೆ ಕೊಡ ಇಟ್ಟು ಕಾಯುತ್ತಿದ್ದರು. ಓನರಮ್ಮ ಚಿಕ್ಕಮುನಿಯಮ್ಮ, ಯಾರಾದರೂ ಒಂದು ಕೊಡ ಹೆಚ್ಚಿಗೆ ಹಿಡಿದಾರು ಎಂದು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದಳು. ಈಗ ಸಾಲಾಗಿ ರೂಮುಗಳಿರುವ ಜಾಗದಲ್ಲಿ ಅವಳು ಮದುವೆಯಾಗಿ ಬಂದ ಹೊಸತರಲ್ಲಿ ರಾಗಿ ಕಳೆ ಕಿತ್ತಿದ್ದಳಂತೆ. ಈಗ ರೂಮುಗಳೇ ಬೆಳೆ. ಕಳೆ ಕೀಳುವ ಅಭ್ಯಾಸ ಮಾತ್ರ ಹೋಗಿರಲಿಲ್ಲ. ಹನುಮವ್ವ ಸೊಸೆಯ ಬಗ್ಗೆ ನಿಟ್ಟುಸಿರಿಟ್ಟಳು.

"ಏನ್ ಮಾಡೂದ್ರಿ ಅಕ್ಕಾರ, ತಾಯಿ ಸತ್ತಾಳ. ಅಪ್ಪ, ಅಣ್ಣ ಗೋವಾದಾಗ ದುಡ್ಯಾಕ ಹೋಗ್ಯಾರ. ಪಾಪದ್ದು, ಕಳ್ಳ ಕುಬಸ ಸೈತ ಆಗಲಿಲ್ಲ."

"ಕಳ್ಳ ಕುಬಸನಾ? ಅದೇನು ಅನುಮವ್ವಾ, ಕಳ್ಳತನ ಮಾಡಾದಾ?"

ಹನುಮವ್ವ ತನ್ನ ಕಡೆಯ ಪದ್ಧತಿಯನ್ನು ಹೆಮ್ಮೆಯಿಂದ ವಿವರಿಸಿದಳು. ದೊಡ್ಡ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಮೊದಲು ತವರಿನವರು ಯಾರಿಗೂ ಹೇಳದೆ ಬರುತ್ತಾರೆ. ಬಾಗಿಲು ಮುಂದೆ ಮಾಡಿ, ಬಸುರಿಗೆ ಹಸಿರು ಕುಬಸದ ಬಟ್ಟೆ ಕೊಟ್ಟು, ತಂದ ಬುತ್ತಿ ಬಿಚ್ಚಿ ಹೊಟ್ಟೆ ತುಂಬ ಉಣಿಸಿ ಹೋಗುತ್ತಾರೆ. "ತವರ ಸ್ಥಾನದಾಗ ನಿಂತು ತಂದಿದ್ದನ್ನ ಬ್ಯಾಡ ಅನ್ನಾಕ ಬರೂದಿಲ್ರಿ. ಅಂದ್ರ ಮನಿತನಕ್ಕ ಒಳ್ಳೇದಲ್ಲ."

ಕೊಡ ಹಿಡಿದು ನಿಂತಿದ್ದ ಶೈಲಶ್ರೀಯ ಕಿವಿ ನೆಟ್ಟಗಾಯಿತು.

"ಯಾರ್ ಬೇಕಾದ್ರೂ ತರಬೌದೇನ್ರಿ ಅತ್ತಿ?" ಹಾಲು ಕುಡಿಯದ ಬಾಯಿಂದ ಹಾಲಿನಂಥ ಮಾತು ಬಂತು. "ತಾಯಿ ಇಲ್ಲದಾಕಿಗಿ?"

"ತಾಯಿ ಸ್ಥಾನದಾಗ ನಿಂತವರು ಯಾರಾದ್ರೂ," ಎಂದುಬಿಟ್ಟಳು ಹನುಮವ್ವ. ಅಷ್ಟು ಹೆಂಗಸರ ಎದುರು ಪದ್ಧತಿ ಬಲ್ಲವಳೆನಿಸಿಕೊಳ್ಳುವ ಖುಷಿಯಲ್ಲಿ ಎಚ್ಚರ ತಪ್ಪಿತ್ತು.

ಚಿಕ್ಕಮುನಿಯಮ್ಮ ಎದ್ದು ನಿಂತಳು. ಅವಳಿಗೂ ಒಂದು ಶಾಸ್ತ್ರವಿತ್ತು. ಬಸುರಿ ಆಸೆಪಟ್ಟದ್ದು ಸಿಗದಿದ್ದರೆ ಮಗುವಿನ ಕಿವಿ ಸೋರುತ್ತದೆ. ತನ್ನ ವಠಾರದಲ್ಲಿ ಹುಟ್ಟುವ ಮಗುವಿನ ಕಿವಿ ಸೋರುವುದೆಂದರೆ ಚಾವಣಿ ಸೋರಿದಷ್ಟೇ ಅವಮಾನ. ಚಾವಣಿ ಈಗಾಗಲೇ ಸೋರುತ್ತಿತ್ತು, ಅದನ್ನು ಬಾಡಿಗೆಯವರು ನೋಡಿಕೊಳ್ಳಬೇಕು. ಕಿವಿಯನ್ನಾದರೂ ತಾನು ನೋಡಿಕೊಳ್ಳಬಹುದು.

ಮರುದಿನ ಮಧ್ಯಾಹ್ನ ಬಾಗಿಲು ಬಡಿಯಿತು. ಚಿಕ್ಕಮುನಿಯಮ್ಮ ಕುಕ್ಕರಿನ ಸಮೇತ ಬಂದಿದ್ದಳು. ಮುದ್ದೆ, ನಾಟಿಕೋಳಿ ಸಾರು, ಬೇಯಿಸಿದ ಮೊಟ್ಟೆ, ಮೇಲೊಂದು ಹಸಿರು ರವಿಕೆ ಕಣ.

"ಕಳ್ಳ ಕುಬಸ ಕಣಮ್ಮೀ! ಬಾಗ್ಲು ಆಕು!" ಎಂದು ಇಡೀ ವಠಾರಕ್ಕೆ ಕೇಳುವಂತೆ ಕೂಗಿದಳು. ಕಳ್ಳತನದ ಗುಟ್ಟೇ ಅದರ ಜೀವವೆಂದು ಅವಳಿಗೆ ಹೊಳೆದಿರಲಿಲ್ಲ. ಆಕಾಶವಾಣಿಯವರೂ ಅಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಹನುಮವ್ವನ ಮುಖ ಒಣಗಿದ ರೊಟ್ಟಿಯಂತಾಯಿತು. ಬೇಡ ಎನ್ನುವಂತಿಲ್ಲ. ಶೈಲಶ್ರೀ ಗೋಡೆಗೊರಗಿ ಕೂತು, ಕಣ್ಣು ತಗ್ಗಿಸಿ, ಕುಬಸಕ್ಕೆ ತಕ್ಕ ನಾಚಿಕೆಯಿಂದ ಮುದ್ದೆಯನ್ನು ಮುರಿದಳು. ಆ ಮೇಲೆ ನಾಚಿಕೆಗೆ ಪುರುಸೊತ್ತು ಸಿಗಲಿಲ್ಲ.

ಸುದ್ದಿ ಹಬ್ಬಿತು. ಪಕ್ಕದ ರೂಮಿನ ಸುಮಂಗಲಾ ಕೊಪ್ಪಳದ ಕಡೆಯವಳು. ಓನರಮ್ಮ ಮಾಡಿದ ಮೇಲೆ ತಾನು ಬಿಟ್ಟರೆ ಕೊಪ್ಪಳದ ಮರ್ಯಾದೆ ಏನಾಗಬೇಕೆಂದು ಶೇಂಗಾ ಹೋಳಿಗೆ ತಂದಳು. ಕೊನೆಯ ರೂಮಿನ ತಮಿಳಮ್ಮ ಮೊಸರನ್ನ, ಬಳೆ ತಂದಳು. ಗಾರ್ಮೆಂಟ್ಸಿನ ಗೆಳತಿಯರು ಭಾನುವಾರ ಹಿಂಡಾಗಿ ಬಂದರು. ಅವರು ತಂದ ರವಿಕೆ ಬಟ್ಟೆಗಳು ಯಾವುದೋ ದೇಶಕ್ಕೆ ಹೋಗಬೇಕಿದ್ದ ಅಂಗಿಗಳ ತುಂಡುಗಳು. ಬಸುರಿಗೆ ಹಸಿರೇ ಬೇಕೆಂಬುದು ಆ ದೇಶದವರಿಗೆ ಗೊತ್ತಿರಲಿಲ್ಲವಾದ್ದರಿಂದ ಒಂದರ ಮೇಲೆ ಸಣ್ಣ ಸಣ್ಣ ಹಡಗುಗಳಿದ್ದವು. ಒಂದು ಬಸುರಿಗೆ ಇಷ್ಟೊಂದು ತವರುಗಳು ಸಿಕ್ಕಿದ್ದು ಲಗ್ಗೆರೆಯಲ್ಲಿ ಅದೇ ಮೊದಲು.

ಆದರೆ ಹನುಮವ್ವ ಸುಮ್ಮನೆ ಸೋಲುವ ಹೆಂಗಸಲ್ಲ. ಪದ್ಧತಿಯ ಮುಳ್ಳನ್ನು ಪದ್ಧತಿಯಿಂದಲೇ ತೆಗೆದಳು.

"ಬಸರಿನ ಒಬ್ಬಾಕಿನ್ನ ಕುಂಡರಸಬಾರದ್ರಿ. ಜೋಡಿಗೆ ಒಬ್ಬಾಕಿ ಮುತ್ತೈದಿ ಕುಂತು ಒಂದ ತಟ್ಟ್ಯಾಗ ಉಣಬೇಕು," ಎಂದು ಘೋಷಿಸಿದಳು. ಊರಿನಲ್ಲಿ ಗಂಡ ಯಂಕಪ್ಪ ಗಟ್ಟಿಮುಟ್ಟಾಗಿದ್ದ. ಅವಳ ಮುತ್ತೈದೆತನಕ್ಕೆ ಕುಂದಿರಲಿಲ್ಲ. ಸೊಸೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

ಆಮೇಲಿನದು ಊಟವಲ್ಲ, ಪಂದ್ಯ. ಶೈಲಶ್ರೀ ಒಂದು ತುತ್ತು ಎತ್ತುವಷ್ಟರಲ್ಲಿ ಹನುಮವ್ವ ಎರಡು ನುಂಗುತ್ತಿದ್ದಳು. ಮೊಟ್ಟೆ ಕಂಡರೆ ಮೊದಲು ಅದಕ್ಕೇ ಕೈ. ಕೋಳಿಯ ಕಾಲು ಅವಳ ಕಡೆಗೇ ಜಾರುತ್ತಿತ್ತು. ಪಾಪ, ಹಸಿವಿನಿಂದಲ್ಲ, ಅದು ತ್ಯಾಗ. ಹೊಟ್ಟೆ ಬಿರಿದು, ಕಣ್ಣಲ್ಲಿ ನೀರು ಬಂದು, ಗೋಡೆ ಹಿಡಿದು ಏಳುವಂತಾದರೂ ಅವಳು ಮೊಮ್ಮಗುವನ್ನು ಸಣ್ಣದಾಗಿಡಲೆಂದು ಪಟ್ಟು ಬಿಡದೆ ತಿಂದಳು. ಶೈಲಶ್ರೀಯೂ ವೇಗ ಕಲಿತಳು. ಅಗಿಯುವುದನ್ನು ಆಮೇಲಕ್ಕೆ ಇಟ್ಟುಕೊಂಡಳು. ಸುಮಂಗಲಾ ಬಡಿಸುವಾಗ ಅನ್ನದ ಕೆಳಗೆ ಮೊಟ್ಟೆ ಹೂತಿಡುವುದನ್ನು ರೂಢಿ ಮಾಡಿಕೊಂಡಳು.

ತಿಂಗಳು ಕಳೆಯಿತು. ಸೊಸೆಯ ಕೆನ್ನೆಯಲ್ಲಿ ಕೊಂಚ ನೆತ್ತರು ಕಂಡಿತು. ಅತ್ತೆಯ ತೋಳಿನಲ್ಲಿ ರವಿಕೆಯ ಹೊಲಿಗೆ ಬಿಟ್ಟಿತು. ಕುಬಸಕ್ಕೆ ಬಂದ ಬಟ್ಟೆಯಲ್ಲೇ ಅವಳಿಗೆ ಹೊಸ ರವಿಕೆ ಹೊಲಿಸಬೇಕಾಯಿತು, ಹಡಗುಗಳಿದ್ದದ್ದು. ನಲ್ಲಿಯ ಹತ್ತಿರ ಚಿಕ್ಕಮುನಿಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ ಅನುಮವ್ವಾ, ನಿಂಗೆಷ್ಟು ತಿಂಗ್ಳು?"

ಕೊಡಗಳೆಲ್ಲ ನಕ್ಕವು. ಹನುಮವ್ವ ನಗಲಿಲ್ಲ.

ಒಂಬತ್ತನೇ ತಿಂಗಳಲ್ಲಿ ಜಗಳ ಬಯಲಿಗೆ ಬಂತು. ಅಂಜಿನಮ್ಮ ಸಿಸ್ಟರ್ ಅಳತೆ ನೋಡಿ, "ಪರ್ವಾಗಿಲ್ಲ, ಏರ್ತಿದೆ. ಆದ್ರೆ ಇನ್ನೂ ದಡ ಸೇರಿಲ್ಲ. ಈ ತಿಂಗಳೇ ಮುಖ್ಯ," ಎಂದಿದ್ದಳು. ಅದೇ ಮಧ್ಯಾಹ್ನ ಚಿಕ್ಕಮುನಿಯಮ್ಮ ಎರಡನೇ ಸಲ ಕಳ್ಳ ಕುಬಸ ತಂದಳು. ಒಮ್ಮೆ ಮಾತ್ರ ಎಂದು ಯಾರೂ ಹೇಳಿರಲಿಲ್ಲವಲ್ಲ! ತಟ್ಟೆ ನಡುವೆ ಬಂದದ್ದೇ ಶೈಲಶ್ರೀ ಅದನ್ನು ತನ್ನ ಕಡೆಗೆ ಎಳೆದುಕೊಂಡಳು. ಹನುಮವ್ವ ಇನ್ನೊಂದು ಅಂಚು ಹಿಡಿದಳು. ಸಾರು ಅತ್ತಿತ್ತ ತುಳುಕಿತು.

"ಬಿಡ್ರಿ ಅತ್ತಿ."

"ನೀ ಬಿಡ. ಸಾಯಾಕ ತಿಂತೀಯೇನ?"

"ನನ್ನ ಕೂಸು ಪೆಟಗ್ಯಾಗ ಹೋಗಬಾರದು ಅಂತ ತಿಂತೀನ್ರಿ!"

"ಪೆಟಗ್ಯಾಗಿಂದ ತಿರುಗಿ ಬರ್ತಾವ!" ಹನುಮವ್ವನ ದನಿ ಒಡೆಯಿತು. "ನನ್ನ ತಂಗಿ ಮರೆವ್ವ ಬರಲಿಲ್ಲ. ಅಕಿಗೂ ಎಲ್ಲಾರು ಉಣಿಸಿದ್ರು. ತುಪ್ಪ, ಹೋಳಿಗಿ. ನಾನೂ ಉಣಿಸಿದ್ನಿ, ನನ್ನ ಕೈಯಾರೆ. ಕೂಸು ಇಷ್ಟು ದಪ್ಪ, ಅಡ್ಡ ಕುಂತು ಇಳೀಲಿಲ್ಲ. ಚಕ್ಕಡಿ ಕಟ್ಟಿ ದವಾಖಾನಿಗೆ ಒಯ್ಯೂದ್ರಾಗ ಹಾದಿ ಮ್ಯಾಲೇ ಇಬ್ರೂ ಹ್ವಾದ್ರು. ಅಕಿ ತಲಿ ನನ್ನ ತೊಡಿ ಮ್ಯಾಲಿತ್ತು."

ಬಾಗಿಲಲ್ಲಿ ನಿಂತಿದ್ದ ಚಿಕ್ಕಮುನಿಯಮ್ಮ ಸೆರಗು ಬಾಯಿಗೆ ಹಿಡಿದಳು. ಶೈಲಶ್ರೀಗೆ ಕೈ ಸಡಿಲಿಸಬೇಕೆನಿಸಿತು. ಆಗಲಿಲ್ಲ. ಒಳಗಿನಿಂದ ಮಗು ಒದ್ದಿತು.

"ಅವರು ಕೂಸು ದೊಡ್ಡದಿತ್ತಂತ ಸತ್ತಿಲ್ರಿ ಅತ್ತಿ," ಎಂದಳು ಮೆಲ್ಲಗೆ. "ದವಾಖಾನಿ ದೂರ ಇತ್ತಂತ ಸತ್ರು. ಇಲ್ಲಿ ಹತ್ರಾನ ಐತಿ."

"ಹತ್ರ?" ಹನುಮವ್ವ ಕಣ್ಣೊರೆಸಿಕೊಂಡು ಕೆಕ್ಕರಿಸಿದಳು. "ನಾ ಬಸ್ ಇಳಿದ ದಿನ ಗೊರಗುಂಟೆಪಾಳ್ಯ ಸಿಗ್ನಲ್ ನೋಡೇನಿ. ಆಂಬುಲನ್ಸ್ ಬಾಯಿ ಬಡಕೊಂತ ನಿಂತಿತ್ತು, ಒಬ್ಬ ಮಗ ಸರೀಲಿಲ್ಲ. ನಮ್ಮ ಎತ್ತು ಮೂತ್ರ ಹೊಯ್ಯಾಕ ನಿಂತ್ರೂ ಅದಕ್ಕಿಂತ ಲಗು ಮುಟ್ತಾವ. ನಿಮ್ಮ ಬೆಂಗಳೂರಾಗ ಚಕ್ಕಡಿ ಸೈತ ಇಲ್ಲ!"

ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ತುಮಕೂರು ರಸ್ತೆಯಲ್ಲಿ ಕಂಬ ಮಾತ್ರ ಮೇಲೇಳುತ್ತಿದ್ದವು, ಉಳಿದದ್ದೆಲ್ಲ ನಿಂತೇ ಇರುತ್ತಿತ್ತು. ಅತ್ತೆಯ ಮಾತು ಮೂಢನಂಬಿಕೆ ಎಂದು ನಕ್ಕುಬಿಡುವುದು ಸುಲಭ. ಸಿಗ್ನಲ್ಲನ್ನು ನೋಡಿ ನಗಲು ಯಾರಿಗೆ ಬರುತ್ತದೆ?

ಅವಳು ಅತ್ತೆಯ ಮುಖ ನೋಡಿದಳು. ಮತ್ತೆ ತಟ್ಟೆ ನೋಡಿದಳು. ಹನುಮವ್ವನ ಕೈಯನ್ನು ಅಂಚಿನಿಂದ ಒಂದೊಂದೇ ಬೆರಳಾಗಿ ಬಿಡಿಸಿ, ತಟ್ಟೆಯನ್ನು ಮಡಿಲಿಗೆಳೆದುಕೊಂಡು, ಕೊನೆಯ ಅಗುಳಿನ ತನಕ ಒಬ್ಬಳೇ ಉಂಡಳು. ಅಳುತ್ತಲೇ ಉಂಡಳು. ಅಂದಿನಿಂದ ಹನುಮವ್ವ ಜೋಡಿಗೆ ಕೂರಲಿಲ್ಲ. ಮಾತೂ ಆಡಲಿಲ್ಲ. ತುತ್ತುಗಳನ್ನು ಮಾತ್ರ ದೂರದಿಂದ ನೋಡುತ್ತಿದ್ದಳು, ಬೆಂಕಿಗೆ ಎಣ್ಣೆ ಸುರಿಯುವುದನ್ನು ನೋಡುವವಳಂತೆ.

ನೋವು ಬಂದದ್ದು ಬೆಳಗ್ಗೆ, ಫ್ಯಾಕ್ಟರಿಗಳ ಹೊತ್ತಿಗೇ. ಆಂಬುಲನ್ಸಿನವರು "ಟ್ರಾಫಿಕ್ಕಲ್ಲಿದ್ದೀವಿ ಸಾರ್," ಎಂದರು. ಹಣಮಂತ ಆಟೋ ತಂದ. ನಡುವೆ ಶೈಲಶ್ರೀ, ಆ ಕಡೆ ಸುಮಂಗಲಾ, ಈ ಕಡೆ ಹನುಮವ್ವ. ಹಣಮಂತ ಡ್ರೈವರಿನ ಪಕ್ಕದಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಹಸಿರು ಬಂತು, ಕೆಂಪು ಬಂತು, ಮತ್ತೆ ಹಸಿರು ಬಂತು. ಬಣ್ಣಗಳು ಮಾತ್ರ ಓಡಾಡುತ್ತಿದ್ದವು. ಶೈಲಶ್ರೀ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಕೂಗಿಕೊಂಡಳು.

ತೊಡೆಯ ಮೇಲೆ ತಲೆ ಬಂದದ್ದೇ ಹನುಮವ್ವನಿಗೆ ಏನೋ ಆಯಿತು. ಸೊಸೆಯ ತಲೆಯನ್ನು ಸುಮಂಗಲಾಳ ಮಡಿಲಿಗೆ ದಾಟಿಸಿ ಕೆಳಗಿಳಿದಳು. ಸೀರೆ ಎತ್ತಿ ಕಟ್ಟಿ ಅಡ್ಡರಸ್ತೆಯಿಂದ ನುಗ್ಗುತ್ತಿದ್ದ ಸಾಲಿಗೆ ಎದುರಾಗಿ, ಎರಡೂ ಕೈ ಚಾಚಿ, ರಸ್ತೆಯ ನಡುಮಧ್ಯೆ ನಿಂತಳು.

"ನಿಂದರ್ಸೋ ಲಾರಿ! ಏರ್ಸತಿಯೇನ? ಏರ್ಸ ನೋಡೂನು!"

ಲಾರಿಯವನು ಬ್ರೇಕ್ ತುಳಿದ. ಹಿಂದೆ ಕಂಪನಿ ಬಸ್ಸು, ಅದರ ಹಿಂದೆ ಕಾರುಗಳು, ಎಲ್ಲವೂ ಕಿರ್ರೆಂದು ನಿಂತವು. ಹಾರ್ನುಗಳಿಗೆ ಹನುಮವ್ವನ ಬಾಯಿ ಜವಾಬು ಕೊಡುತ್ತಿತ್ತು. ಆ ಜವಾಬಿನ ಅರ್ಧ ಭಾಗ ಬೆಂಗಳೂರಿಗರಿಗೆ ತಿಳಿಯದ್ದು ಅವರ ಪುಣ್ಯ. ಐದನೇ ತಿಂಗಳಲ್ಲಿ ಬಸ್ಸಿಳಿದ ಹನುಮವ್ವನಾಗಿದ್ದರೆ ಯಾರೋ ಕೈಹಿಡಿದು ಬದಿಗೆ ನಿಲ್ಲಿಸುತ್ತಿದ್ದರು. ಇದು ಅಷ್ಟೂ ಕಳ್ಳ ಕುಬಸಗಳನ್ನು ಉಂಡ ಹನುಮವ್ವ. ಮೈ ತುಂಬ ಹಡಗುಗಳನ್ನು ಹೊತ್ತು ನಿಂತವಳ ಮುಂದೆ ಲಾರಿಯೇ ಸಣ್ಣದಾಗಿ ಕಂಡಿತು. ಟ್ರಾಫಿಕ್ ಪೊಲೀಸ್ ಓಡಿಬಂದ. ಆಟೋದೊಳಗೆ ಇಣುಕಿದ ಮೇಲೆ ಅವನೂ ಅವಳ ಪಕ್ಕದಲ್ಲಿ ಕೈ ಚಾಚಿ ನಿಂತ. ಆಟೋ ದಾಟಿತು. ಹನುಮವ್ವ ಅದರ ಹಿಂದೆ ಏದುಸಿರು ಬಿಡುತ್ತ ಓಡಿ ಹತ್ತಿಕೊಂಡಳು.

ಆಸ್ಪತ್ರೆಯ ಹೆರಿಗೆ ಕೋಣೆಗೆ ಒಯ್ದ ಸ್ವಲ್ಪ ಹೊತ್ತಿನಲ್ಲೇ ಹೆಣ್ಣುಮಗು ಹುಟ್ಟಿತು. ಕೊಯ್ಯಲಿಲ್ಲ, ಎಳೆಯಲಿಲ್ಲ. ತಕ್ಕಡಿಯಲ್ಲಿ ಮಲಗಿಸಿದಾಗ ಮಗು ಮುಷ್ಟಿ ಬಿಗಿದು ಅತ್ತಿತು. ಶೈಲಶ್ರೀ ತಲೆಯೆತ್ತಿ, ಉಸಿರು ಹಿಡಿದು, ನರ್ಸಿನ ಬಾಯಿಯನ್ನೇ ನೋಡಿದಳು.

"ಎರಡು ಆರುನೂರು," ಎಂದಳು ನರ್ಸ್. "ಪೆಟ್ಟಿಗೆ ಬೇಡ. ತಾಯಿ ಹತ್ರಾನೇ ಇರ್ಲಿ."

ಆಗ ಶೈಲಶ್ರೀ ತಲೆಯನ್ನು ದಿಂಬಿಗೆ ಬಿಟ್ಟಳು.

ಗೆದ್ದವರಿಗೇನು ಕೊರತೆ! ಹನುಮವ್ವ ಸುತ್ತಲಿನ ಮಂಚದವರಿಗೆಲ್ಲ ಹೇಳಿದಳು, "ನಾ ಜೋಡಿ ಕುಂತು ಅರ್ಧಾ ಉಂಡ್ನಿ ಅಂತ ಸಲೀಸು ಆತು. ಇಲ್ಲಂದ್ರ ನಾಕ್ ಕಿಲೋ ಆಗ್ತಿತ್ತು." ಸಂಜೆ ಬಂದ ಚಿಕ್ಕಮುನಿಯಮ್ಮ ಮೊದಲು ಮಗುವಿನ ಎರಡೂ ಕಿವಿಗಳನ್ನು ಮಡಚಿ ನೋಡಿ, "ಒಣಗೈತೆ! ಎಲ್ಲಾ ನನ್ನ ಮುದ್ದೆ ಮಯ್ಮೆ," ಎಂದಳು. ಹಣಮಂತ ಮಗುವನ್ನು ಅಂಗೈಯಲ್ಲಿ ಹಿಡಿದು, "ಕರೆಕ್ಟ್ ಸೈಜ್," ಎಂದವನು ಹೆಂಡತಿಯ ಕಣ್ಣು ಕಂಡು ಅಷ್ಟಕ್ಕೇ ಬಾಯಿ ಮುಚ್ಚಿದ.

ಮನೆಗೆ ಬಂದ ದಿನ ಹನುಮವ್ವ ತನ್ನ ಸಿದ್ಧಾಂತದ ಎರಡನೇ ಭಾಗವನ್ನು ಜಾರಿಗೆ ತಂದಳು. ಹೊರಗೆ ಬಂದ ಮೇಲೆ ಕೂಸು ದೊಡ್ಡದಾಗಬೇಕಲ್ಲ! ಅಂಟಿನುಂಡಿ, ಅಳವಿ ಪಾಯಸ, ತುಪ್ಪದಲ್ಲಿ ಮುಳುಗಿದ ಸಜ್ಜಕ, ಎರಡು ತಂಬಿಗೆ ಹಾಲು. ತುಂಬಿದ ತಟ್ಟೆ ಶೈಲಶ್ರೀಯ ಮುಂದೆ ಬಂದಾಗ, ಬಾಗಿಲಲ್ಲಿ ಚಿಕ್ಕಮುನಿಯಮ್ಮ ಸಣ್ಣ ಬಟ್ಟಲು ಹಿಡಿದು ನಿಂತು ಹೌಹಾರಿದಳು.

"ಅಯ್ಯೋ ಅನುಮವ್ವಾ, ಬಾಣ್ತಿಗೆ ಇಷ್ಟು ತಿನ್ನುಸ್ತಾರಾ? ಮಗೀಗೆ ಸೀತ ಆಯ್ತದೆ! ಮೆಣಸಿನ ಸಾರಲ್ಲಿ ಎರಡು ತುತ್ತು ಅನ್ನ, ಅಷ್ಟೇಯ. ನೀರಂತೂ ಮುಟ್ಟುಸ್ಬೇಡ, ಒಟ್ಟೆ ಇಳಿಯಾಕಿಲ್ಲ."

"ಉಪಾಸ ಕೆಡವ್ತೀರೇನ್ರಿ ಹಡದಾಕಿನ್ನ?" ಹನುಮವ್ವ ಸೊಂಟಕ್ಕೆ ಕೈಯಿಟ್ಟಳು. "ನಿಮ್ಮೂರಾಗ ಕರುಣಾ ಅನ್ನೂದ ಇಲ್ಲೇನು?"

ಮೂಲೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುತ್ತಿದ್ದ ಸುಮಂಗಲಾ ಉಕ್ಕಿದ ನಗುವನ್ನು ಸೆರಗಿಗೆ ತುಂಬಿಕೊಂಡಳು.

ಶೈಲಶ್ರೀ ತಟ್ಟೆ ನೋಡಿದಳು. ಅರ್ಧವೂ ಇಳಿಯುವಂತಿರಲಿಲ್ಲ. ಬಾಗಿಲಲ್ಲಿದ್ದ ಬಟ್ಟಲನ್ನು ನೋಡಿದಳು. ಅದರಿಂದ ಹಸಿವು ಇಂಗುವಂತಿರಲಿಲ್ಲ. ಮೊದಲು ಕೈ ಚಾಚಿ ನೀರಿನ ತಂಬಿಗೆ ಎತ್ತಿ, ಓನರಮ್ಮ ಬೇಡ ಬೇಡ ಎನ್ನುತ್ತಿದ್ದಂತೆಯೇ ಗಟಗಟ ಕುಡಿದಳು. ಆಮೇಲೆ ತಟ್ಟೆಯನ್ನು ನಡುವಿಗೆ ಸರಿಸಿದಳು.

"ಅತ್ತಿ, ಬಾಣಂತಿನ್ನೂ ಒಬ್ಬಾಕಿನ್ನ ಕುಂಡರಸಬಾರದಲ್ರಿ. ಜೋಡಿಗೆ ಬರ್ರಿ."

"ಒಲ್ಲೆವಾ. ನಂದೇನು ಹೊಟ್ಟಿ ಐತೋ, ಬಾಂವಿ ಐತೋ," ಎಂದಳು ಹನುಮವ್ವ. ಅಂಟಿನುಂಡಿಯ ಕಡೆ ಒಮ್ಮೆ ನೋಡಿದಳು. ಅವಳೇ ಕಟ್ಟಿದ್ದು, ತುಪ್ಪ ಕೊಂಚ ಮುಂದಾಗಿಯೇ ಬಿದ್ದಿತ್ತು. ಬಾಗಿಲ ಕಡೆ ತಿರುಗಿ, "ನೋಡ್ರಿ ಮತ್ತ, ಪದ್ಧತಿ ಅಂತ ಕುಂದರಾಕತ್ತೀನಿ," ಎಂದು ಹೇಳಿ, ಗೋಡೆ ಹಿಡಿದು ನಿಧಾನಕ್ಕೆ ಕೂತು, ದೊಡ್ಡ ಉಂಡೆಯನ್ನೇ ಎತ್ತಿಕೊಂಡಳು.